ಐದು ಗಂಟೆಯ ಆ ಮೌನವನ್ನು ಯಾರು ಕತ್ತರಿಸಿದರು?

ಭಾವ,

ಕಳೆದ ಶರತ್ಕಾಲದಲ್ಲಿ, ನೀವು ತೀರಿಹೋಗಿ ವರ್ಷ ತುಂಬುವ ಮೊದಲೇ, ನಿಮ್ಮ ಆಲ್ಬಂಗೆ ಕತ್ತರಿ ಹಾಕಿದರು. ರೆಕಾರ್ಡ್ ಕಂಪನಿಯವರು ಅದನ್ನು ‘ಸ್ವಚ್ಛಗೊಳಿಸಿ’ ಆನ್‌ಲೈನ್‌ನಲ್ಲಿ ಮತ್ತೆ ಬಿಟ್ಟರು. ಹಳೆಯದು ಅದೇ ದಿನ ಮಾಯವಾಯಿತು. ಐದನೆಯ ಹಾಡಿನ ನಡುವಿನ ಆ ಮೌನ ಈಗ ಇಲ್ಲ.

ನೀವು ಮೊದಲ ಸಲ ಆಲ್ಟ್-ಕಂಟ್ರಿ ಅಂದಾಗ ನಾನು ನಕ್ಕಿದ್ದೆ. ಅಮೆರಿಕದ ಹಳ್ಳಿಗಾಡಿನ ಹಾಡು, ಆದರೆ ಥಳುಕಿಲ್ಲದ್ದು ಎಂದು ವಿವರಿಸಿದಿರಿ. “ಕುದುರೆ ಹತ್ತದೋರೆಲ್ಲ ಕಂಟ್ರಿ ಹಾಡೋದಾ ಭಾವ?” ಎಂದು ಕೆಣಕಿದೆ. “ಫೋರ್ಕ್‌ಲಿಫ್ಟ್ ಹತ್ತಿದೀನಲ್ಲೋ, ಸಾಲ್ದಾ?” ಅಂದಿರಿ. ಕಾರಿನ ಬಿಡಿಭಾಗಗಳ ಕಾರ್ಖಾನೆಯ ಎಂಜಿನಿಯರ್, ಕನ್ನಡದಲ್ಲಿ, ನಗೋಯಾದಲ್ಲಿ, ಅಂಥ ಹಾಡು... ನನಗೆ ನಂಬಿಕೆ ಇರಲಿಲ್ಲ.

ಆ ಐದನೆಯ ಹಾಡು ಮುದ್ರಿಸಿದ ಸಂಜೆ ಸ್ಟುಡಿಯೋದ ಮೂಲೆಯಲ್ಲಿ ಕೂತಿದ್ದೆ. ಲಾಂಡ್ರಿಯ ಮೇಲಿನ ಸಣ್ಣ ಕೋಣೆ, ಗೋಡೆಗಳು ತೆಳು. ಹಾಡಿನ ನಡುವೆ ಬೀದಿಯ ಧ್ವನಿವರ್ಧಕದಿಂದ ಐದು ಗಂಟೆಯ ಚೈಮ್ ಒಳಗೆ ಹರಿಯಿತು, ಮಕ್ಕಳೆಲ್ಲ ಆಟ ಬಿಟ್ಟು ಮನೆಗೆ ಹೋಗಲಿ ಎಂದು ಇಲ್ಲಿ ದಿನವೂ ನುಡಿಸುವುದು. ನೀವು ತಂತಿಗಳ ಮೇಲೆ ಅಂಗೈ ಇಟ್ಟು ನಿಂತುಬಿಟ್ಟಿರಿ. ಸ್ಟೀಲ್ ಗಿಟಾರ್ ಹಿಡಿದಿದ್ದ ಮುದುಕ ಮೋರಿ-ಸಾನ್ ಚೈಮಿನ ಕೊನೆಯ ಸ್ವರವನ್ನು ಮೆಲ್ಲಗೆ ಎತ್ತಿಕೊಂಡು ಎಳೆದರು. ನೀವು ಮೈಕ್ ಮರೆತು, ಮಗಳನ್ನು ನೆನೆದು, “ನಿಧಿ ಈಗ ಮನೆಗೆ ಹೊರಟಿರ್ತಾಳೆ” ಅಂದಿರಿ. ಆಮೇಲೆ ಅದೇ ಸ್ವರದಿಂದ ಹಾಡು ಮುಂದುವರಿಯಿತು. ಇನ್ನೊಮ್ಮೆ ಹಾಡೋಣ ಎಂದ ತಂತ್ರಜ್ಞನಿಗೆ ಮೋರಿ-ಸಾನ್ ತಲೆಬಾಗಿ, “ಸೊನೊಮಾಮಾ” ಅಂದರು. ಹಾಗೇ ಇರಲಿ. ಅಷ್ಟು ದೊಡ್ಡದು ಅಷ್ಟು ಸಣ್ಣ ಕೋಣೆಯಲ್ಲಿ ಹೇಗೆ ಹಿಡಿಸಿತು ಎಂದು ಇಂದಿಗೂ ಬೆರಗು.

ಹೊಸದನ್ನು ಮೊದಲು ಕೇಳಿದವಳು ನಿಧಿಯೇ. ಓಜಿಮಾ ಬಡಾವಣೆಯ ನಮ್ಮ ಮನೆಗೆ ಅಕ್ಕನ ಜೊತೆ ಬಂದಿದ್ದಳು. ಹದಿನೇಳಾಯಿತು, ಅಪ್ಪನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷು, ಜಪಾನಿ. ಇಯರ್‌ಫೋನ್ ತೆಗೆದು ನನ್ನ ಮುಖ ನೋಡಿದಳು. “ಮಾವ, ಇದ್ರಲ್ಲಿ ಪಪ್ಪ ವೇಟೇ ಮಾಡಲ್ಲ.” ಅಕ್ಕ ಎದ್ದು ಒಳಗೆ ಹೋದಳು. ಫೋನುಗಳಲ್ಲಿ ನಿಮ್ಮ ದನಿ ಬೇಕಾದಷ್ಟಿದೆ ಭಾವ. ಆದರೆ ಅವಳಿಗಾಗಿ ಹಾಡನ್ನೇ ನಿಲ್ಲಿಸಿದ್ದು...

ಕಂಪನಿಗೆ ಮೂರು ಸಲ ಬರೆದೆ. ಹೊರಗಿನ ಗದ್ದಲ ತೆಗೆದಿದ್ದೇವೆ, ನಿಮ್ಮ ಮಾತನ್ನು ಪರಿಶೀಲಿಸುತ್ತೇವೆ ಎಂದರು. ಈ ದೇಶದಲ್ಲಿ ‘ಪರಿಶೀಲಿಸುತ್ತೇವೆ’ ಅಂದರೆ ಆಗುವುದಿಲ್ಲ ಎಂದೇ ಅರ್ಥ, ನಿಮಗೆ ಹೇಳಬೇಕೆ? ಓಲೆಗರಿಯಲ್ಲಿ ಲಿಪಿಕಾರನ ತಪ್ಪನ್ನೂ ಅಡಿಟಿಪ್ಪಣಿಯಲ್ಲಿ ಕಾಪಾಡಿದ ಸಂಪಾದಕರನ್ನು ಓದಿ ಬೆಳೆದವನು ನಾನು. ಒಬ್ಬ ತಂದೆಯ ಮೌನ ಇವರಿಗೆ ಗದ್ದಲವಾಯಿತೆ?

ನಿಮಗೆ ತಿಳಿಯದ ಸುದ್ದಿ ಒಂದಿದೆ. ನಿಧಿ ಈಗ ಮೋರಿ-ಸಾನ್ ಬಳಿ ಸ್ಟೀಲ್ ಗಿಟಾರ್ ಕಲಿಯುತ್ತಿದ್ದಾಳೆ. ಐದಕ್ಕೆ ಚೈಮ್ ಬಂದಾಗ ಇಬ್ಬರೂ ಕೈ ನಿಲ್ಲಿಸುತ್ತಾರಂತೆ.

ಈ ಪತ್ರವನ್ನು ಅವಳೇ ಜಪಾನಿ ಭಾಷೆಗೆ ಅನುವಾದಿಸುತ್ತಿದ್ದಾಳೆ. ಕಂಪನಿಗೂ ಪತ್ರಿಕೆಗಳಿಗೂ ಕಳಿಸುತ್ತೇವೆ. ಕಂಪನಿಯವರೇ, ಖಾಸಗಿ ಕ್ಷಮೆ ನಮಗೆ ಬೇಡ. ಅದನ್ನು ಯಾರು ಕತ್ತರಿಸಿದರು, ಯಾರನ್ನು ಕೇಳಿ, ಮೂಲ ಧ್ವನಿಮುದ್ರಣ ಎಲ್ಲಿದೆ, ಅದನ್ನು ಯಾವಾಗ ಹಿಂದಿರುಗಿಸುತ್ತೀರಿ? ಆಲ್ಬಂ ಇರುವ ಪುಟದಲ್ಲೇ, ಎಲ್ಲರೂ ಓದುವ ಹಾಗೆ ಉತ್ತರಿಸಿ.