ಗೊರಸು ಸೋಕದ ನಲವತ್ತು ದಿನ

ಕಣಕಟ್ಟೆ
6-5-1998, ಬುಧವಾರ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆ ಲತಾಮಣಿಯ ನಮಸ್ಕಾರ.

ಪೊರೆ ತೆಗೆದ ಕಣ್ಣು ಹೇಗಿದೆ? ನೀರು ಸೋರುವುದು ನಿಂತಿತೆ? ನಿಮ್ಮ ಮಗಳು ಇಂದು ಹೊತ್ತು ಹೊತ್ತಿಗೆ ಹನಿ ಹಾಕುತ್ತಿದ್ದಾಳೆ ತಾನೆ? ನೀವು ಕಣ್ಣುಜ್ಜಿಕೊಂಡು ಆಮೇಲೆ ‘ನಾನೆಲ್ಲಿ ಉಜ್ದೆ?’ ಅನ್ನುವವರು, ಅದಕ್ಕೇ ಕೇಳುತ್ತಿದ್ದೇನೆ. ಮೈಸೂರಿನಲ್ಲಿ ಮಗಳ ಮನೆಯಲ್ಲಿ ಕೈಕಟ್ಟಿ ಕೂರುವುದು ನಿಮಗೆ ಸೆರೆಮನೆ ಅಂತ ಗೊತ್ತು. ಆದರೂ ಡಾಕ್ಟರು ಹೇಳಿದಷ್ಟು ದಿನ ಧೂಳಿಗೂ ಹೊಗೆಗೂ ಬರಬೇಡಿ. ನೀವು ಕಾಣಲಾಗದ್ದನ್ನೆಲ್ಲ ನಾನು ನೋಡಿ ಬರೆಯುತ್ತೇನೆ. ಇಂದೂ, ಅತ್ತೆಗೆ ಇದನ್ನು ಓದಿ ಹೇಳುವಾಗ ನಿಮ್ಮ ಸ್ಕೂಲಿನಲ್ಲಿ ಪಾಠ ಓದಿದ ಹಾಗೆ ಗಡಬಡ ಓದಬೇಡ ಕಣೇ, ನಿಧಾನವಾಗಿ ಓದು.

ಅತ್ತೆ, ಶುಕ್ರವಾರ ಮಳೆ ಬಂತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತೀರಲ್ಲ, ಆ ಭರಣಿ ಮಳೆಯೇ. ನಿಮ್ಮ ಹುಲ್ಲಿನ ಹೊಲ ಈಗ ಚಿಗುರಿದೆ. ನಿಂತು ನೋಡಿದರೆ ಬರೀ ಕೆಂಪು ಕಲ್ಲುನೆಲ; ಕೂತು, ತಲೆ ಬಗ್ಗಿಸಿ, ಎಳೆ ಬಿಸಿಲಿಗೆ ಎದುರಾಗಿ ನೋಡಿದರೆ ನೆಲದ ಮೇಲೆ ಹಸಿರು ತೆಳ್ಳಗೆ ಹೊಗೆಯಂತೆ ಆಡುತ್ತದೆ. ಡೈರಿಗೆ ಹಾಲು ಹಾಕಿ ಬಂದವಳು ದಿನವೂ ಗುಡ್ಡದ ಕಡೆಯ ಬಂಡೆಯ ಮೇಲೆ ಕೂರುತ್ತೇನೆ. ಗಾಳಿ ಬೀಸಿದರೆ ಮಂಪರು ಹತ್ತುತ್ತದೆ. ಮೊನ್ನೆ ಹಾಗೇ ಕಣ್ಣು ಮುಚ್ಚಿದಾಗ ಹುಲ್ಲು ಎದೆಮಟ್ಟ ಬೆಳೆದಿತ್ತು, ನಮ್ಮ ಆರು ಹಸುಗಳ ಬೆನ್ನು ಮಾತ್ರ ಕಾಣುತ್ತಿತ್ತು, ಕಾಲೇ ಇಲ್ಲದೆ ತೇಲಿಕೊಂಡು ಹೋಗುತ್ತಿದ್ದವು. ನೀವು ಅವುಗಳ ಹಿಂದೆ ಬರಿಗಾಲಲ್ಲಿ, ಕಣ್ಣಿಗೆ ಪಟ್ಟಿಯಿಲ್ಲದೆ ಹೋಗುತ್ತಿದ್ದಿರಿ. ಕರೆದರೂ ತಿರುಗಲಿಲ್ಲ. ಎಚ್ಚರವಾದ ಮೇಲೂ ತುಂಬ ಹೊತ್ತು ಸುಖವಾಗಿತ್ತು.

ಕೆಲಸ ಬಿಟ್ಟು ಕನಸು ಕಾಣುತ್ತಿದ್ದಾಳೆ ಅಂದುಕೊಳ್ಳಬೇಡಿ. ಯುಗಾದಿ ಕಳೆದ ಕೂಡಲೇ ಲಂಟಾನವನ್ನು ಬೇರುಸಮೇತ ಕಿತ್ತು, ಆ ಮುಳ್ಳನ್ನೇ ಬೇಲಿಯ ಕಂಡಿಗಳಿಗೆ ತುಂಬಿಸಿದೆ. ಕರಿಯಯ್ಯನ ಕುರಿಮಂದೆಯನ್ನು ಗೊಬ್ಬರಕ್ಕೆಂದು ಮಳೆಗೆ ಮೊದಲೇ ಎಂಟು ದಿನ ಅಲ್ಲಿ ನಿಲ್ಲಿಸಿದ್ದೆ. ಒಣಹುಲ್ಲಿಗೆ ಬೆಂಕಿ ಇಡಲು ಯಾರಿಗೂ ಬಿಡಲಿಲ್ಲ. ಹೊಲದ ಮೂರು ಪಾಲಿನಲ್ಲಿ ಈ ವರ್ಷ ಬೀಜ ಉದುರುವವರೆಗೆ ಮುಟ್ಟಬಾರದ್ದು ಕೆರೆ ಕಡೆಯ ಪಾಲು. ಉಳಿದೆರಡಕ್ಕೆ ಮಳೆ ಬಿದ್ದು ನಲವತ್ತು ದಿನ ಆಗುವವರೆಗೆ ಒಂದು ಗೊರಸೂ ಸೋಕಬಾರದು. ಎಲ್ಲ ನೆನಪಿದೆ. ಮದುವೆಯಾದ ವರ್ಷ ಎಳೆ ಚಿಗುರಿಗೆ ಕರು ಬಿಟ್ಟು, ‘ಹಸಿಗೂಸಿನ ಬಾಯಿಂದ ಮೊಲೆ ಕಿತ್ಕಂಡಂಗಾಯ್ತಲ್ಲೇ!’ ಅಂತ ನಿಮ್ಮಿಂದ ಬೈಸಿಕೊಂಡಿದ್ದೆನಲ್ಲ. ಆಗ ನಿಮಗೆ ಹುಲ್ಲಿನ ಹುಚ್ಚು ಅಂದುಕೊಂಡಿದ್ದೆ. ಈ ಬೇಸಿಗೆಯಲ್ಲಿ ಊರಿಗೆ ಊರೇ ಮೇವಿಗೆ ಅಲೆದಾಗಲೂ ನಮ್ಮ ಹಸುಗಳ ಹಾಲು ಇಳಿಯಲಿಲ್ಲ. ಹನ್ನೆರಡು ವರ್ಷಕ್ಕೆ ಈಗ ಬುದ್ಧಿ ಬಂತು ಅನ್ನಿ.

ಇನ್ನು ನಿಮ್ಮ ಎದೆಯೊಳಗಿನ ವಿಷಯ. ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, ‘ನಟರಾಜ ನೇಗಿಲು ಇಳಿಸ್ದಂಗೆ ನೋಡ್ಕೋ’ ಅಂದಿದ್ದಿರಿ. ನೀವು ಹೆದರಿದ ಹಾಗೇ ಆಗಿತ್ತು. ನಿಮ್ಮ ಮಗ ತೆಂಗಿನ ಸಸಿ ತಂದು ಜಗಲಿಯಲ್ಲಿ ಸಾಲಾಗಿ ಇಟ್ಟರು. ಗುಂಡಿ ತೋಡುವ ಜಾಗಕ್ಕೆಲ್ಲ ಸುಣ್ಣ ಹಾಕಿದರು. ಮಳೆ ಬಿದ್ದಿದ್ದೇ ತಡ, ಸೋಮವಾರ ಉಳಲು ಟ್ರ್ಯಾಕ್ಟರಿಗೂ ಹೇಳಿಬಂದರು. ಅವರನ್ನು ಪೂರಾ ತಪ್ಪು ಅನ್ನಲಾರೆ. ಆಫೀಸಿನಿಂದ ಬಂದು ದಣಿದ ಮುಖದಲ್ಲಿ, ‘ಹುಲ್ಲು ದನಕಾಯ್ತದೆ ಕಣೇ, ತೆಂಗು ಮಕ್ಕಳಿಗಾಯ್ತದೆ’ ಅಂದಾಗ ನನಗೂ ಹೌದು ಅನ್ನಿಸಿತು. ಆದರೆ ಒಮ್ಮೆ ಉತ್ತರೆ ನಿಮ್ಮ ಮೂವತ್ತು ವರ್ಷದ ಬೇರು ಮತ್ತೆ ಬರುವುದಿಲ್ಲ ಅಂತ ಒಳಗೇ ಕುದಿಯುತ್ತಿದ್ದೆ. ಕೊನೆಗೆ ಅವರ ಮನಸ್ಸು ತಿರುಗಿತು. ಟ್ರ್ಯಾಕ್ಟರು ಬರಲಿಲ್ಲ. ಸಸಿಗಳನ್ನು ಗಿಡ್ಡಪ್ಪನ ತೋಟಕ್ಕೆ ಕೊಟ್ಟುಬಿಟ್ಟರು. ಸುಣ್ಣದ ಗುರುತಿನ ಸುತ್ತಲೂ ಚಿಗುರು ಬಂದಿದೆ. ನೀವು ನೆಮ್ಮದಿಯಾಗಿ ನಿದ್ದೆ ಮಾಡಿ.

ಮಕ್ಕಳು ಅಜ್ಜಿ ಯಾವಾಗ ಅಂತ ದಿನಾ ಕೇಳುತ್ತವೆ. ಇಂದುವಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ಹೀಗೇ ಇರಲಿ.

ನಿಮ್ಮ
ಲತಾಮಣಿ

ಮ.ವಿ.: ಇಂದೂ, ಇದನ್ನು ಅತ್ತೆಗೊಬ್ಬರಿಗೇ ಕೇಳುವಂತೆ ಓದು. ಅತ್ತೆ, ಅವರ ಮನಸ್ಸು ತಾನಾಗಿ ತಿರುಗಲಿಲ್ಲ. ಭಾನುವಾರ ಸಂಜೆ ನಾನು ಫೋನ್ ಬೂತಿನಿಂದ ಬಂದವಳ ಹಾಗೆ ಬಂದು, ‘ಹುಲ್ಲು ಉತ್ತರೆ ನಾನು ಆ ಮನೆಗೆ ಬರಾಕಿಲ್ಲ, ಮಗಳ ಮನೇಲೇ ಇದ್ಬುಡ್ತೀನಿ’ ಅಂತ ನೀವು ಅಂದಿರಿ ಎಂದುಬಿಟ್ಟೆ. ಬೂತು ಅವತ್ತು ಬಾಗಿಲು ಹಾಕಿತ್ತು. ಅವರು ಅರ್ಧ ಊಟದಲ್ಲಿ ಎದ್ದು ಹಿತ್ತಲಿನಲ್ಲಿ ಒಬ್ಬರೇ ನಿಂತಿದ್ದರು, ಅತ್ತರು ಅಂತ ಕಾಣುತ್ತದೆ. ಆದರೂ ನಾನು ನಿಜ ಹೇಳಲಿಲ್ಲ. ಈ ಭಾನುವಾರ ನಿಮ್ಮನ್ನು ನೋಡಲು ಬರುತ್ತಾರೆ. ‘ಅವ್ವ, ನೀನು ಹಂಗಂದ್ಯಾ?’ ಅಂತ ಕೇಳಿಯೇ ಕೇಳುತ್ತಾರೆ. ಇಲ್ಲ ಅಂದರೆ ಹೊಲವೂ ಹೋಗುತ್ತದೆ, ಈ ಮನೆಯಲ್ಲಿ ನನ್ನ ಮಾತಿನ ಬೆಲೆಯೂ ಹೋಗುತ್ತದೆ. ಹೌದು ಅಂದರೆ, ಅದರ ಜೊತೆಗೇ ಅವರ ತಲೆ ಸವರಿ, ‘ಬತ್ತೀನಿ ಕಣಪ್ಪ, ನಿನ್ನ ಬಿಟ್ಟು ಎಲ್ಲಿಗೋಗ್ಲಿ’ ಅಂತಲೂ ಅನ್ನಿ ಅತ್ತೆ. ಅದೊಂದನ್ನು ನಿಮ್ಮ ಪರವಾಗಿ ನನ್ನಿಂದ ಹೇಳಲು ಆಗಲಿಲ್ಲ.