ಮೊದಲ ಸ್ಯಾಂಪಲ್ ಚೆಲ್ಲಬೇಕು

ಸೂಲಿಬೆಲೆ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಫರ್ಹಾ,

ಹಾಗಲ್ಲಮ್ಮ, ನೀನು ಫೋನು ಇಟ್ಟ ಮೇಲೆ ನನಗೆ ಉತ್ತರ ಹೊಳೆಯಿತು. ನನಗೆ ಯಾವಾಗಲೂ ಹೀಗೆಯೇ, ಮಾತು ಮುಗಿದ ಮೇಲೆ ಬಾಯಿ ಬರುತ್ತದೆ. "ಬೀಗ ಮುರಿದ ಕೈಗೆ ಹಾಲಿನ ಕ್ಯಾನು ಕೊಟ್ಟಿದ್ದೀರಲ್ಲ ಅಬ್ಬಾ" ಎಂದು ನಿನ್ನೆ ನೀನು ಅಂದೆ. ಗಾಡಿ ನಿನ್ನದು, ಸಿಟ್ಟೂ ನಿನ್ನದು, ಆ ಮಾತನ್ನು ಅನ್ನುವ ಹಕ್ಕೂ ನಿನ್ನದೇ. ಬೀಗದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಗಂಟಲು ಹೇಗಿದೆ ಬರೆ. ಯಾದಗಿರಿಯ ಆ ಧೂಳಿನಲ್ಲಿ ಎಪ್ಪತ್ತು ಮಕ್ಕಳಿಗೆ ಕೂಗಿ ಪಾಠ ಹೇಳಬೇಡ. ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತುಬಿಡು, ಮೇಡಂಗೆ ಏನಾಯಿತು ಅಂತ ಅವರೇ ಸುಮ್ಮನಾಗುತ್ತಾರೆ. ನಾನು ಚೆನ್ನಾಗಿದ್ದೇನೆ. ಶುಗರ್ ನೂರನಲವತ್ತು. ನಿಮ್ಮ ಅಮ್ಮಿ ಇದ್ದಾಗ ಬೆಲ್ಲದ ಡಬ್ಬ ಬಚ್ಚಿಡುತ್ತಿದ್ದಳು. ಈಗ ನಾನೇ ಬಚ್ಚಿಟ್ಟು ನಾನೇ ಹುಡುಕಿಕೊಳ್ಳುತ್ತೇನೆ.

ಡೇರಿಯ ಸುದ್ದಿ ಅಂದರೆ, ಕೀರ್ತನ ಹೆರಿಗೆ ರಜೆ ಮುಗಿಸಿ ಬರಲು ಇನ್ನೂ ಎರಡು ತಿಂಗಳಿದೆ. ಅಲ್ಲಿಯವರೆಗೆ ರಿಟೈರಾದ ಈ ಮುದುಕನೇ ಬೆಳಿಗ್ಗೆ ಆರಕ್ಕೆ ಹಾಲು ಟೆಸ್ಟ್ ಮಾಡುವ ಮಿಷನ್ನಿನ ಮುಂದೆ. ಸಾಲಿನ ಕ್ಯಾನುಗಳನ್ನು ಎತ್ತಿ ಕೊಡುವವನು ಕೆಂಪರಾಜ್, ನಿನಗೆ ಹೆಸರು ಕೇಳಿದರೆ ಮೈ ಉರಿಯುವವನು. ಹದಿನಾರು ವರ್ಷ, ಮೀಸೆ ಇನ್ನೂ ಯೋಚನೆ ಮಾಡುತ್ತಿದೆ. ತಾಯಿ ಆದಿಲಕ್ಷ್ಮಮ್ಮ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಆಗಸ್ಟಿನಲ್ಲಿ ಅವನು ನಿನ್ನ ಸ್ಕೂಟರ್ ತೆಗೆದುಕೊಂಡು ಹೋಗಿ ಚರಂಡಿಗೆ ಬೀಳಿಸಿದ ಮೇಲೆ, ಬಾಲ ನ್ಯಾಯ ಮಂಡಳಿಯವರು ಮೂರು ತಿಂಗಳು ಯಾರಾದರೂ ಹಿರಿಯರ ಕಣ್ಣಳತೆಯಲ್ಲಿ ಇರಲಿ, ಆಮೇಲೆ ನೋಡೋಣ ಅಂದರು. ಯಾರೂ ಮುಂದೆ ಬರಲಿಲ್ಲ. ನಾನು ಕೈ ಎತ್ತಿದೆ. ಯಾಕೆ ಎತ್ತಿದಿರಿ ಎಂದು ನೀನು ಮೂರು ತಿಂಗಳಿಂದ ಕೇಳುತ್ತಲೇ ಇದ್ದೀಯ.

ಇದೇ ಇಪ್ಪತ್ತಕ್ಕೆ ಮಂಡಳಿ ಮತ್ತೆ ಕೂರುತ್ತದೆ. ನಡತೆ ಸರಿ ಇದೆ ಅಂದರೆ ಹುಡುಗ ತಾಯಿಯ ಜೊತೆ ಮನೆಗೆ. ಇಲ್ಲ ಅಂದರೆ ತಪ್ಪು ಮಾಡಿದ ಹುಡುಗರನ್ನು ಇಡುವ ವಿಶೇಷ ಗೃಹಕ್ಕೆ. ಅಲ್ಲಿಗೆ ಹೋಗಿ ಬಂದವನನ್ನು ಆಮೇಲೆ ಯಾವ ಫ್ಯಾಕ್ಟರಿ ಗೇಟೂ ಒಳಗೆ ಬಿಡುವುದಿಲ್ಲ ಅಂತ ಆದಿಲಕ್ಷ್ಮಮ್ಮನ ಹೆದರಿಕೆ. ಕೇಸು ನೋಡಿಕೊಳ್ಳುವ ಪ್ರೊಬೇಷನ್ ಆಫೀಸರ್ ಅನಿಲ್‌ಕುಮಾರ್ ಒಳ್ಳೆಯ ಮನುಷ್ಯ, ಆದರೆ ಕಾಗದದ ಮನುಷ್ಯ. "ಗಾಡಿ ಓಡ್ಸಿದ್ದು ಹುಡುಗಾಟ ಅನ್ಬೋದು ಸಾರ್, ಬೀಗ ಮುರ್ದಿದ್ದು ಹುಡುಗಾಟ ಅಲ್ಲ" ಅಂದರು. ನನ್ನಿಂದ ಒಂದು ರಿಪೋರ್ಟ್ ಕೇಳಿದ್ದಾರೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಇದಕ್ಕಾದರೂ ಉಪಯೋಗಕ್ಕೆ ಬರಲಿ ಅಂತ 'ಐ ಬೆಗ್ ಟು ಸ್ಟೇಟ್ ದಟ್' ಎಂದು ಚಂದಾಗಿ ಬರೆದೆ. ವಿತ್ ಡ್ಯೂ ರೆಸ್ಪೆಕ್ಟ್ ಮೊದಲು ಬರಬೇಕೋ ಆಮೇಲೋ ನೆನಪಾಗಲಿಲ್ಲ. ನಾಲ್ಕು ದಿನದಿಂದ ಆ ಹಾಳೆ ಅಲ್ಲಿಗೇ ನಿಂತಿದೆ.

ಈಗ ಕೇಳು, ಹೋದ ತಿಂಗಳು ನಡೆದದ್ದು. ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ನಿನಗೆ ಗೊತ್ತು, ಮೂವತ್ತೊಂದು ವರ್ಷದಲ್ಲಿ ನಾನು ಸಾಲಿನಲ್ಲಿ ಯಾರ ಹೆಸರನ್ನೂ ಕೂಗಿದವನಲ್ಲ. ಹಾಲಿನಲ್ಲಿ ನೀರು ತೋರಿಸಿದರೆ ಕ್ಯಾನನ್ನು ಎಡಗಡೆ ಇಡುತ್ತಿದ್ದೆ. ಸಾಲು ಕರಗಿದ ಮೇಲೆ, "ಕ್ಯಾನು ತೊಳೆದ ನೀರು ಉಳಿದಿತ್ತೇನೋ ನೋಡ್ಕೊಳ್ಳಮ್ಮ" ಅಂದರೆ ಮುಗಿಯಿತು. ಮಾರನೆಯ ದಿನ ಹಾಲು ಗಟ್ಟಿಯಾಗಿ ಬರುತ್ತಿತ್ತು. ಆ ದಿನ ಸಾಲಿನಲ್ಲಿ ಮೊದಲು ನಿಂತವಳು ರುಕ್ಮಿಣಮ್ಮ. ಅವಳ ಮಂಡಿ ನೋವಿಗೆ ಕ್ಯಾನನ್ನು ಮನೆಯಿಂದ ಹೊತ್ತು ತಂದವನು ಕೆಂಪರಾಜ್. ಮಿಷನ್ನು ನೀರು ತೋರಿಸಿತು. ನನಗೆ ಏನಾಯಿತೋ, ನಲವತ್ತು ಜನರ ಮುಂದೆ, "ಲೇ ಕೆಂಪ, ದಾರೀಲಿ ಎಷ್ಟು ಕುಡ್ದೆ, ಎಷ್ಟು ನೀರು ಹುಯ್ದೆ" ಎಂದು ಕೂಗಿಬಿಟ್ಟೆ. ಕೈಯಲ್ಲಿದ್ದ ಕ್ಯಾನು ಕೆಳಗಿಟ್ಟ. "ನೀವೂ ಅಷ್ಟೇನಾ ಸಾಬ್ರೇ" ಅಂದ. ಹೋದ.

ರುಕ್ಮಿಣಮ್ಮನೇ, "ಇನ್ನೊಂದ್ ಕಿತ ನೋಡಪ್ಪಾ, ನಮ್ಮ ಹಸುಗೇನು ನೀರು ಕರೆಯೋ ರೋಗ ಬಂದದಾ" ಅಂದಳು. ಮತ್ತೆ ಹಾಕಿದೆ. ಹಾಲು ಚಿನ್ನದಂಥದು. ತಪ್ಪು ನನ್ನದೇ. ಮಿಷನ್ನು ತೊಳೆದ ಮೇಲೆ ಪೈಪಿನಲ್ಲಿ ಒಂದಿಷ್ಟು ನೀರು ನಿಂತಿರುತ್ತದೆ. ಅದಕ್ಕೇ ಮೊದಲ ಸ್ಯಾಂಪಲ್ಲನ್ನು ಓಡಿಸಿ ಚೆಲ್ಲಬೇಕು, ಅದರ ಲೆಕ್ಕ ಬರೆಯಬಾರದು. ಕೀರ್ತನಳಿಗೆ ಮೊದಲ ದಿನ ನಾನು ಕಲಿಸಿದ ಪಾಠವೇ ಇದು. ಆ ದಿನ ನಾನು ಮಿಷನ್ನನ್ನು ನೋಡುತ್ತಿರಲಿಲ್ಲ, ಹುಡುಗನ ಕೈಯನ್ನು ನೋಡುತ್ತಿದ್ದೆ.

ಮೂರು ದಿನ ಅವನು ಬರಲಿಲ್ಲ. ನಾಲ್ಕನೆಯ ದಿನವೂ ತಪ್ಪಿದರೆ ನಾನು ಅನಿಲ್‌ಕುಮಾರ್‌ಗೆ ತಿಳಿಸಲೇಬೇಕು, ಅದು ನಿಯಮ. ಮೂರನೆಯ ಮಧ್ಯಾಹ್ನ ಬಸ್ಸು ಹತ್ತಿ ಪಿಲ್ಲಗುಂಪೆಗೆ ಹೋದೆ. ತಾಯಿಯ ಫ್ಯಾಕ್ಟರಿ ಎದುರಿನ ಟೀ ಅಂಗಡಿಯಲ್ಲಿದ್ದ, ಯಾರದೋ ಬೈಕಿನ ಮೇಲೆ ಕಾಲು ಇಳಿಬಿಟ್ಟುಕೊಂಡು. ಪಕ್ಕದಲ್ಲಿ ಇಬ್ಬರು ದೊಡ್ಡ ಹುಡುಗರು, "ಬಾ ಗುರು, ತಾತ ಹಾಲು ಕುಡ್ಸಕ್ಕೆ ಬಂದವ್ರೆ" ಎಂದು ನಕ್ಕರು. ನಾನು ತಪ್ಪಾಯಿತು ಕಣಪ್ಪಾ ಅಂದೆ. ಅವನು ನೆಲ ನೋಡುತ್ತಾ, "ಇಲ್ಲಿ ಹೇಳಿದ್ರೆ ಏನ್ ಬಂತು? ಸಾಲಲ್ಲಿ ಬೈದ್ರಿ, ಸಾಲಲ್ಲೇ ಹೇಳಿ" ಅಂದ. ನಾನು ವಾಪಸ್ ಬಸ್ಸು ಹತ್ತಿದೆ. ಹುಡುಗ ಹೇಳಿದ್ದು ನ್ಯಾಯ.

ಮಾರನೆಯ ಬೆಳಿಗ್ಗೆ ಅವನು ಬಂದು ಹುಣಸೆಮರದ ಹತ್ತಿರ ನಿಂತ, ಒಳಗೆ ಬರಲಿಲ್ಲ. ನಾನು ಮಿಷನ್ನು ನಿಲ್ಲಿಸಿ ಎದ್ದು, ಮೊನ್ನೆ ನೀರು ಹಾಲಿನದಲ್ಲ, ನನ್ನ ಪೈಪಿನದು, ಕೆಂಪರಾಜ್ ಮೇಲೆ ಸುಳ್ಳು ಹೊರಿಸಿದೆ ಎಂದು ಗಟ್ಟಿಯಾಗಿ ಹೇಳಿದೆ. ಆಮೇಲೆ ರುಕ್ಮಿಣಮ್ಮ, "ಸಾಬ್ರಿಗೆ ಕನ್ನಡಕ ಬದಲಾಯ್ಸೋ ಕಾಲ ಬಂತು, ಹಾಲು ತಗೊಳ್ರಪ್ಪಾ, ಹೊತ್ತಾಯ್ತದೆ" ಅಂದಳು. ಸಾಲು ನಕ್ಕಿತು. ಅವನು ಒಳಗೆ ಬಂದು ನನ್ನ ಕೈಯಿಂದ ಸ್ಯಾಂಪಲ್ ಬಾಟಲಿ ತೆಗೆದುಕೊಂಡು, "ಮೊದಲನೇದು ಚೆಲ್ಬೇಕು ಅಲ್ವಾ ಸಾಬ್ರೇ" ಎಂದು ಚೆಲ್ಲಿದ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಸಂಜೆ ಗ್ಯಾರೇಜಿನ ಸಕ್ಲೇನ್ ಹತ್ತಿರ ಕೂತು ನಿನ್ನ ಸ್ಕೂಟರಿನ ಸೊಟ್ಟಗಾದ ಹ್ಯಾಂಡಲ್ ನೇರ ಮಾಡಿದ್ದಾನೆ. ಹಾರ್ನು ಮಾತ್ರ ಈಗ ಕುರಿಮರಿಯ ಹಾಗೆ ಕೂಗುತ್ತದೆ, ನಿನಗೆ ಇಷ್ಟವಾದೀತು.

ಇನ್ನೂ ಏನೋ ಬರೆಯಬೇಕಿತ್ತು. ಜಗಲಿಯಲ್ಲಿ ಕೂತಿದ್ದೇನೆ, ಬೆಳಕು ಹೋಗುತ್ತಿದೆ, ಅಕ್ಷರದ ಮೇಲೆ ಅಕ್ಷರ ಹತ್ತುತ್ತಿದೆ. ಅಳಿಯಂದಿರಿಗೆ ನನ್ನ ಸಲಾಂ, ನಿನ್ನ ತರಗತಿಯ ಎಪ್ಪತ್ತು ಮಕ್ಕಳಿಗೂ ನಿನಗೂ ನನ್ನ ದುವಾ. ಅಲ್ಲಾಹ್ ನಿನ್ನ ಗಂಟಲನ್ನು ಕಾಪಾಡಲಿ.

ಯುವರ್ ಲವಿಂಗ್ಲಿ ಫಾದರ್,
ಅಕ್ರಂ

ತಾ.ಕ.: ದೀಪ ಹಾಕಿಕೊಂಡು ಬಂದೆ, ಇದನ್ನು ಬರೆಯದೆ ಕವರು ಅಂಟಿಸಲಾಗಲಿಲ್ಲ. ಬೀಗವನ್ನು ಯಾರೂ ಮುರಿದಿರಲಿಲ್ಲ. ಕೀಲಿ ಗಾಡಿಯಲ್ಲೇ ಇತ್ತು, ಬಿಟ್ಟವನು ನಾನು. ಕೀಲಿ ಗಾಡಿಯಲ್ಲಿ ಬಿಡಬೇಡಿ ಎಂದು ನೀನು ಸಾವಿರ ಸಲ ಹೇಳಿದ್ದೆಯಲ್ಲ, ನಿನಗೆ ಹೆದರಿ ದೂರಿನಲ್ಲಿ ಬೀಗ ಮುರಿದು ಎಂದು ಬರೆದುಬಿಟ್ಟೆ. ಗಾಡಿ ಒಯ್ದದ್ದು ಅವನೇ, ಅದು ಸುಳ್ಳಲ್ಲ. ಆದರೆ ಮಂಡಳಿಯಲ್ಲಿ ಬೀಗ ಮುರಿದೆಯಾ ಎಂದು ಕೇಳಿದಾಗ ಅವನು ನನ್ನ ಮುಖ ನೋಡಿ ತಲೆ ತಗ್ಗಿಸಿದ. ಆಗಲೇ ನಾನು ಕೈ ಎತ್ತಿದ್ದು. ಯಾಕೆ ಹೇಳಲಿಲ್ಲ ಎಂದು ಮೊನ್ನೆ ಕೇಳಿದೆ. "ನೀವು ಡೇರಿ ಸಾಬ್ರು, ನಾನು ಕೆಂಪ. ಯಾರ್ ಮಾತು ಬರ್ಕೋತಾರೆ" ಅಂದ. ಇಪ್ಪತ್ತಕ್ಕೆ ನಾನೇ ಹೇಳುತ್ತೇನೆ, ಸಾಲಿನಲ್ಲಿ ಹೇಳಿದ ಹಾಗೆಯೇ. ಬೈಯುವುದಿದ್ದರೆ ಅದಕ್ಕೆ ಮೊದಲೇ ಫೋನು ಮಾಡಿ ಬೈದುಬಿಡು. ನಿಂತಿದ್ದ ರಿಪೋರ್ಟೂ ಈಗ ಮುಂದಕ್ಕೆ ಹೋಯಿತು: ಐ ಬೆಗ್ ಟು ಸ್ಟೇಟ್ ದಟ್ ದಿ ಕೀ ವಾಸ್ ಇನ್ ದಿ ಸ್ಕೂಟರ್.