ತಲೆಗೆ ಪೆಟ್ಟಾದವಳನ್ನು ಕೈಹಿಡಿದು ಹೊರಗೆ ತರುವ ಹಕ್ಕು

ಮಾನ್ಯ ದೈಹಿಕ ಶಿಕ್ಷಣ ನಿರ್ದೇಶಕರೇ,

'ವೈದ್ಯಕೀಯ ವಿಷಯಗಳನ್ನು ವಿದ್ಯಾರ್ಥಿಗಳು ವಿದ್ಯಾರ್ಥಿಗಳಿಗೆ ಬೋಧಿಸತಕ್ಕದ್ದಲ್ಲ. ಶನಿವಾರದ ಸಭೆಗಳನ್ನು ಈ ಕೂಡಲೇ ನಿಲ್ಲಿಸತಕ್ಕದ್ದು' ಎಂಬ ತಮ್ಮ ಆದೇಶ ಕಳೆದ ಸೋಮವಾರ ಕಾಲೇಜಿನ ಸೂಚನಾ ಫಲಕಕ್ಕೆ ಬಂದಿದೆ. ತಲೆಗೆ ಪೆಟ್ಟಾದವಳನ್ನು ಗುರುತಿಸುವುದು ಹೇಗೆಂದು ನಾವು ಕಬಡ್ಡಿ ತಂಡದ ಹುಡುಗಿಯರು ಗ್ಯಾಲರಿಯ ಮೆಟ್ಟಿಲ ಮೇಲೆ ಕೂತು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದೆವು. ಅದು ಅಪರಾಧವಾಯಿತು. ನಾವು ನಿಲ್ಲಿಸುವುದಿಲ್ಲ.

ಜೆರ್ಸಿಯ ಬಣ್ಣದ ಬಗ್ಗೆ ಎರಡು ಪುಟಗಳ ಸುತ್ತೋಲೆ ಹೊರಡಿಸಿದ ತಮ್ಮ ಕಚೇರಿ, ಜೆರ್ಸಿಯ ಮೇಲಿರುವ ತಲೆಯ ಬಗ್ಗೆ ಒಂದು ಸಾಲನ್ನಾದರೂ ಬರೆದಿದೆಯೇ? ತಜ್ಞರನ್ನು ಕರೆಸಿದ್ದೇವಲ್ಲ ಎನ್ನುತ್ತೀರಿ. ಹೌದು, ಹೋದ ವರ್ಷ ಒಬ್ಬರು ಬಂದರು, ಒಂದು ಗಂಟೆ ಚಿತ್ರ ತೋರಿಸಿದರು. ಎಂಬತ್ತು ಜನ ಹಾಜರಿ ಹಾಕಿ ಅರ್ಧ ಜನ ನಿದ್ದೆ ಮಾಡಿದೆವು. ಅದಾಗಿ ಎರಡೇ ವಾರಕ್ಕೆ ಕಾರ್ಕಳದಲ್ಲಿ ಸೆಮಿಫೈನಲ್.

ಅಲ್ಲಿ ಎದುರಾಳಿಯ ಕಾಲು ಹಿಡಿಯಲು ಬಗ್ಗಿದ ನಮ್ಮ ತಂಡದ ಅಶ್ವಿನಿಯ ಕಿವಿಯ ಮೇಲ್ಭಾಗಕ್ಕೆ ಆ ಎದುರಾಳಿಯ ಮೊಣಕಾಲು ಬಡಿಯಿತು. ಅಶ್ವಿನಿ ಎದ್ದಳು, ನಕ್ಕಳು, ನಡೆದು ಹೋಗಿ ಎದುರು ತಂಡದವರ ಸಾಲಿನಲ್ಲಿ ನಿಂತಳು. ಜನ ನಕ್ಕರು. ನೀವೂ ನಕ್ಕಿರಿ. ಬದಲಿ ಆಟಗಾರ್ತಿ ಬೇಕೆಂದು ಕೇಳಿದರೆ 'ಮಲ್ಲಿಗೆ ಕಟ್ಟಲು ಹೋಗಿ' ಎಂದು ನೀವು ಗದರುತ್ತೀರೆಂದು ಗೊತ್ತಿದ್ದ ನಾಯಕಿ ನಾನು. ಆದ್ದರಿಂದ ನಮ್ಮ ತಂಡದಲ್ಲಿ ಹಿಂದಿನಿಂದ ನಡೆದು ಬಂದ ಉಪಾಯವನ್ನೇ ಮಾಡಿದೆ. "ಸುಮ್ಮನೆ ಒಂದು ರೈಡ್ ಹೋಗಿ ಔಟಾಗಿ ಬಾ ಮಾರಾಯ್ತಿ, ಸ್ವಲ್ಪ ಕೂತುಕೋ" ಎಂದೆ. ಔಟಾದವರು ಗೆರೆಯ ಹಿಂದೆ ಕೂರುತ್ತಾರೆ; ಎದುರಿನವರಲ್ಲಿ ಒಬ್ಬರು ಔಟಾದರೆ ಮತ್ತೆ ಒಳಗೆ ಬರುತ್ತಾರೆ. ಅದನ್ನೇ ನಾವು ವಿಶ್ರಾಂತಿ ಎಂದುಕೊಂಡಿದ್ದೆವು. ಎರಡು ನಿಮಿಷವೂ ಆಗಿರಲಿಲ್ಲ, ನಮಗೊಂದು ಅಂಕ ಬಂತು. ನಾನು ಕೈಬೀಸಿ ಅವಳನ್ನು ಒಳಗೆ ಕರೆದೆ. ಎರಡನೆಯ ಸಲ ಬಿದ್ದವಳು ತಾನಾಗಿ ಏಳಲಿಲ್ಲ.

ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ಅವಳ ತಾಯಿ ರೇಣುಕವ್ವ ಮೂರು ತಿಂಗಳ ಬಳಿಕ ನನ್ನನ್ನು ಕೇಳಿದರು: "ಮೈಮ್ಯಾಗ ಒಂದು ಗಾಯ ಇಲ್ಲವ್ವಾ. ಆದ್ರ ಒಲಿ ಮ್ಯಾಗ ಚಾ ಇಟ್ಟು ಮರ್ತು ಹೊರಗ ನಿಂತಿರ್ತಾಳ. ಎರಡು ಸಾಲು ಓದಿದ್ರ ತಲಿ ಹಿಡ್ಕೊಂಡು ಕುಂದರ್ತಾಳ. ಇದು ಎಂಥಾ ಪೆಟ್ಟವ್ವಾ?" ನನಗೆ ನಾಚಿಕೆಯಾಯಿತು. ಅಶ್ವಿನಿ ಆ ವರ್ಷ ಪರೀಕ್ಷೆ ಬರೆಯಲಿಲ್ಲ.

ಶನಿವಾರದ ಸಭೆ ಶುರು ಮಾಡಿದ್ದು ಅವಳೇ. ತಲೆಪೆಟ್ಟಿನ ಲಕ್ಷಣಗಳ ಬಗ್ಗೆ ನಾವು ಬರೆದ ಒಂದು ಪುಟವನ್ನು ಅವಳನ್ನು ನೋಡುವ ಡಾಕ್ಟರೇ ಓದಿ ಎರಡು ತಪ್ಪು ತಿದ್ದಿಕೊಟ್ಟಿದ್ದಾರೆ. ಬೋಧನೆಯ ಬಗ್ಗೆ ತಮಗಿರುವ ಆತಂಕಕ್ಕೆ ಇಷ್ಟು ಸಾಕೆಂದುಕೊಳ್ಳುತ್ತೇನೆ. ಹೊಸ ಹುಡುಗಿಯರಿಗೆ ಅವಳು ಹೇಳುವುದಿಷ್ಟು: "ಆ ರೈಡ್ ನನಗೆ ನೆನಪೇ ಇಲ್ಲ. ಆರಾಮ ಉಂಟಾ ಅಂತ ನನ್ನನ್ನು ಕೇಳಿದ್ರೆ ಉಂಟು ಅಂತಲೇ ಹೇಳ್ತೇನೆ. ಹಾಗಾಗಿ ಕೇಳಬೇಡಿ, ಕರ್ಕೊಂಡು ಬನ್ನಿ." ಈಗ ಪ್ರತಿಯೊಬ್ಬಳಿಗೂ ಒಬ್ಬಳು ಜೊತೆಗಾತಿ ಇದ್ದಾಳೆ. ತಲೆಗೆ ಪೆಟ್ಟಾದರೆ ಅವಳು ಕೈಹಿಡಿದು ಹೊರಗೆ ತರುತ್ತಾಳೆ, ಆ ದಿನ ಮತ್ತೆ ಆಟವಿಲ್ಲ, ಮುಂದಿನದ್ದು ಡಾಕ್ಟರು ಹೇಳಿದ ಹಾಗೆ. ತಲೆ ತಿರುಗುತ್ತಿದೆ ಎಂದು ತಮ್ಮಲ್ಲಿ ಇದುವರೆಗೆ ಎಷ್ಟು ಹುಡುಗಿಯರು ಹೇಳಿದ್ದಾರೆ? ಈ ಸಭೆಗಳಲ್ಲಿ ಐವರು ಹೇಳಿದ್ದಾರೆ.

ಹೋದ ಶನಿವಾರ ಕಾಪುವಿನ ಪಂದ್ಯದಲ್ಲಿ ತಲೆಗೆ ಪೆಟ್ಟಾದ ನಮ್ಮ ಒಳ್ಳೆಯ ರೈಡರ್ ಜಯಮಾಲಾಳನ್ನು ಅವಳ ಜೊತೆಗಾತಿ ಹಾಗೆಯೇ ಹೊರಗೆ ತಂದಳು. ಎರಡು ಅಂಕಗಳಿಂದ ಸೋತೆವು. ಸೋಮವಾರ ತಮ್ಮ ಆದೇಶ ಬಂತು. ವೈದ್ಯಕೀಯ ನೀತಿಯ ನೆನಪು ತಮಗೆ ಸೋತ ಮೇಲೆಯೇ ಬಂದದ್ದು ಆಕಸ್ಮಿಕವಿರಬಹುದು.

ಆದೇಶವನ್ನು ಹಿಂತೆಗೆದುಕೊಳ್ಳಿ. ಪೆಟ್ಟಾದವಳನ್ನು ಹೊರಗೆ ತಂದ ಹುಡುಗಿಯನ್ನು ಗದರುವುದಿಲ್ಲವೆಂದು ಅದೇ ಫಲಕದಲ್ಲಿ ಬರೆದು ಹಾಕಿ. ಅಲ್ಲಿಯವರೆಗೆ ಸಭೆ ಕಾಲೇಜಿನ ಗೇಟಿನ ಹೊರಗೆ, ಬಸ್ ನಿಲ್ದಾಣದಲ್ಲಿ ನಡೆಯುತ್ತದೆ. ಶನಿವಾರ ನಾಲ್ಕು ಗಂಟೆಗೆ ತಾವೂ ಬನ್ನಿ. ಅಶ್ವಿನಿ ಹೇಳುವಾಗ ನಡುವೆ ಮಾತು ಮರೆಯುತ್ತಾಳೆ. ದಯವಿಟ್ಟು ಆಗ ನಗಬೇಡಿ.

ಇಂತಿ,
ಅಂದು ಕೈಬೀಸಿ ಅವಳನ್ನು ಒಳಗೆ ಕರೆದವಳು,
ಸರಸ, ಮಲ್ಪೆ
(ತಾವು ತೆಗೆದುಹಾಕುವವರೆಗೆ ತಂಡದ ನಾಯಕಿ)
ನವೆಂಬರ್ 2006